ಡಿಕ್ಕಿಯಲ್ಲಿ ಮಲಗಿದ್ದ ಸಿಲಿಂಡರ್

ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ಯಾರೂ ಗಾಡಿ ಚಾಲೂ ಮಾಡುವುದಿಲ್ಲ. ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಇದು ಯಾರೂ ಹೇಳಿಕೊಡದೆ ಎಲ್ಲರೂ ಕಲಿತ ಪದ್ಧತಿ. ಬಿಸಿಲು ಚುರುಕಾಗುವುದರೊಳಗೆ ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ಎಳೆಗಳಿಗೆ, ಗಂಜಿ ಹಾಕಿ, ಓಣಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸಬೇಕು. ನಡೆದು ಹೋಗುವವರು ಗೋಡೆಗೆ ಅಂಟಿಕೊಂಡು ಹೋಗುತ್ತಾರೆ, ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ಹಸಿ ನೂಲಿನ ಮೇಲೆ ದೂಳು ಕೂತರೆ ಝಾಡಿಸಬಹುದು. ಹೊಗೆ ಕೂತರೆ ಏನೂ ಮಾಡುವ ಹಾಗಿಲ್ಲ. ಅದು ಗಂಜಿಯ ಜೊತೆ ಎಳೆಗೆ ಹತ್ತಿಬಿಡುತ್ತದೆ.

ಆ ಓಣಿಯಲ್ಲಿ ನಮ್ಮದೊಂದು ಕಾರಿತ್ತು. ನಾನು ಮದುವೆಯಾಗಿ ಬರುವ ಎಷ್ಟೋ ಮೊದಲು, ನನ್ನ ಯಜಮಾನರು ಇನ್ನೂ ಸಾಲೆಗೆ ಹೋಗುವ ಹುಡುಗನಾಗಿದ್ದಾಗ, ಮಾವ ಅದನ್ನು ಬಾಗಲಕೋಟೆಯ ಹತ್ತಿ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರು. ಆಗಲೇ ಅದು ಹಳೆಯ ಕಾರು. ದುಂಡು ಬೆನ್ನು, ಉದ್ದ ಮೂತಿ, ಒಳಗೆ ಸೋಫಾದಂಥ ಸೀಟು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಹಾಗೆ ಸದ್ದು. ಸೀರೆಯ ಗಂಟು ಹೇರಿಕೊಂಡು ಬಾದಾಮಿ, ಗುಳೇದಗುಡ್ಡ, ಗದಗಿನವರೆಗೂ ಓಡಿದ ಕಾರು. ಅದನ್ನು ಇಡಲಿಕ್ಕೆ ಮನೆಯ ಪಕ್ಕದ ದನದ ಕೊಟ್ಟಿಗೆಯನ್ನೇ ಖಾಲಿ ಮಾಡಿ, ಮೇಲೆ ತಗಡು ಹೊದಿಸಿ, ಮುಂದೆ ಹಲಗೆಯ ಬಾಗಿಲು ಕೂರಿಸಿದ್ದರು. ಕೊಟ್ಟಿಗೆಯ ನೆಲ ಓಣಿಗಿಂತ ಸ್ವಲ್ಪ ತಗ್ಗಿನಲ್ಲಿತ್ತು. ಕಾರನ್ನು ಹೊರಗೆ ತೆಗೆಯುವಾಗ ಹಿಂದಿನಿಂದ ಒಂದಿಷ್ಟು ಮಂದಿ ನೂಕಬೇಕಾಗುತ್ತಿತ್ತು.

ಮಾವ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಕಾರೇ ಅವರ ಕಾಲು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಗೆ ಆಗುತ್ತಿರಲಿಲ್ಲ. ಕಾರಿನ ಸೀಟು ತಗ್ಗಿನಲ್ಲಿದ್ದುದರಿಂದ, ಮೊದಲು ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಂಡರೆ ಆಯಿತು. ಅಮಾವಾಸ್ಯೆಗೊಮ್ಮೆ ಶಿವಯೋಗ ಮಂದಿರಕ್ಕೆ ಹೋಗಿ, ಮಲಪ್ರಭೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬರುವುದು ಅವರ ರೂಢಿ. ಉಳಿದ ದಿನ ಮನೆಯ ಕಟ್ಟೆ, ಮಗ್ಗದ ಸದ್ದು, ಒಂದು ರೇಡಿಯೋ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಕಾರು ವಿಪರೀತ ಹೊಗೆ ಬಿಡಲು ಶುರು ಮಾಡಿತು. ಮೊದಲು ಚಾಲೂ ಮಾಡುವಾಗ ಮಾತ್ರ, ಆಮೇಲೆ ಸದಾ. ನೀಲಿ ಹೊಗೆ, ಅದರ ಹಿಂದೆ ಸುಟ್ಟ ಎಣ್ಣೆಯ ವಾಸನೆ. ಒಂದು ಅಮಾವಾಸ್ಯೆಯ ದಿನ ಇವರು ಕಾರು ಹೊರಗೆ ತೆಗೆಯುವಾಗ ಎದುರುಮನೆಯ ಚಿಗವ್ವನ ಹಾಸು ಓಣಿಯಲ್ಲಿತ್ತು. ಅವಳ ಎಳೆಗಳೆಲ್ಲ ಎತ್ತಿಕೊಳ್ಳುವಷ್ಟು ಒಣಗಿವೆ ಎಂದು ಇವರು ತಿಳಿದಿದ್ದರು. ಒಣಗಿರಲಿಲ್ಲ. ಹೊಗೆ ಗಾಳಿಯ ಜೊತೆ ಹೊರಳಿ ನೇರ ಅದರ ಮೇಲೆ ಹೋಯಿತು. ಚಿಗವ್ವ ನಮಗೆ ಸಂಬಂಧಿಯಲ್ಲ, ಓಣಿಗೆಲ್ಲ ಚಿಗವ್ವ. ಗಂಜಿ ಮೆತ್ತಿದ ಕೈಯಲ್ಲೇ ಬಂದು ಬಾನೆಟ್ಟಿನ ಮೇಲೆ ಒಂದು ಬಾರಿಸಿದಳು.

"ಏನೋ ತಮ್ಮಾ, ಕಾರ್ ಹೊಡಿಯಾಕತ್ತೀಯೋ, ಸೊಳ್ಳಿ ಹೊಡಿಯಾಕತ್ತೀಯೋ? ಈ ಹಾಸಿನ ಮ್ಯಾಲ ಸೀರಿ ನೇದ್ರ ಉಡಾವ್ರು ಯಾರು, ನಿಮ್ಮವ್ವೇನು?"

"ತಪ್ಪಾತಬೇ ಚಿಗವ್ವಾ, ಮಿಸ್ತ್ರಿಗೆ ತೋರಸ್ತೇನಿ," ಎಂದರು ಇವರು.

"ಮಿಸ್ತ್ರಿಗಿ ಬ್ಯಾಡ, ಗುಜರಿಗಿ ತೋರಸು."

ಒಳಗೆ ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು. ಅವತ್ತು ನದಿಗೂ ಹೋಗಲಿಲ್ಲ. "ಒಳಗ ಕರ್ಕೊಂಡು ಹೋಗು" ಎಂದಷ್ಟೇ ಹೇಳಿ ಕಾಲು ಹೊರಗೆ ಹಾಕಿದರು.

ಹುನಗುಂದದಲ್ಲಿ ಹಳೆಯ ಗಾಡಿಗಳ ಕೆಲಸ ಬಲ್ಲ ಮಿಸ್ತ್ರಿಯೊಬ್ಬ ಇದ್ದ. ಇವರು ಕಾರನ್ನು ಅವನಲ್ಲಿ ಬಿಟ್ಟು ಬಂದರು. ಅವನು ಇಂಜಿನ್ ಬಿಚ್ಚಿ ಏನೇನೋ ಬದಲಿಸಿದ. ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. ಹೊಸದಾಗಿ ಬರುತ್ತಿರುವ ಸೀಸವಿಲ್ಲದ ಪೆಟ್ರೋಲು ಹಳೆಯ ಇಂಜಿನ್ನಿಗೆ ಒಗ್ಗುವುದಿಲ್ಲ, ಹೀಗೇ ಓಡಿಸಿದರೆ ಒಳಗಿನ ವಾಲ್ವು ಸವೆದು ಹೋಗುತ್ತವೆ ಎಂದೂ ಹೇಳಿದ. ಖರೆಯೋ ಸುಳ್ಳೋ ನನಗೆ ತಿಳಿಯದು. ಅದಕ್ಕೆ ಅವನು ಕೊಟ್ಟ ಉಪಾಯ ಮಾತ್ರ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಆ ವರ್ಷಗಳಲ್ಲಿ ನಮ್ಮ ಕಡೆ ಎಷ್ಟೋ ಗಾಡಿಗಳಲ್ಲಿ ಅದೇ ನಡೆದಿತ್ತು: ಅಡುಗೆಯ ಗ್ಯಾಸ್ ಸಿಲಿಂಡರನ್ನು ಡಿಕ್ಕಿಯಲ್ಲಿ ಮಲಗಿಸಿ, ಪೈಪು ಎಳೆದು, ಅದರ ಮೇಲೆ ಗಾಡಿ ಓಡಿಸುವುದು. ಅದು ಕಾಯ್ದೆಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮಾಡುತ್ತಿದ್ದರು ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಕಾರು ಮನೆಗೆ ಬಂದ ದಿನ ಇವರು ಡಿಕ್ಕಿ ತೆಗೆದು ತೋರಿಸಿದರು. ನನ್ನ ಅಡುಗೆಮನೆಯಲ್ಲಿ ಒಲೆಯ ಕೆಳಗೆ ನಿಂತಿರುತ್ತಿದ್ದ ಅದೇ ಕೆಂಪು ಸಿಲಿಂಡರು ಅಲ್ಲಿ ಮಗ್ಗುಲಾಗಿ ಮಲಗಿತ್ತು. ಉರುಳಾಡಬಾರದೆಂದು ಎರಡೂ ಕಡೆ ಗೋಣಿಚೀಲ, ಕೆಳಗೆ ನಾನು ಹೊಲಿದ ಕೌದಿ.

"ನನ್ನ ಕೌದಿ ಯಾಕ ಹಾಸೀರಿ?" ಎಂದೆ. ಬಾಯಿಗೆ ಬಂದದ್ದು ಅದೊಂದೇ ಮಾತು.

"ಗದಗದಾ ಸಪ್ಪಳ ಆಗಬಾರದಂತ. ಯಾಕ, ಮಾರಿ ಹಂಗ್ಯಾಕ ಮಾಡೀದಿ?"

"ಇದು ಸಿಡದ್ರ?"

"ಅಡಿಗಿ ಮನ್ಯಾಗ ಇದರ ಮಗ್ಗಲದಾಗ ಬೆಂಕಿ ಹಚ್ಚಿ ರೊಟ್ಟಿ ಬಡೀತಿ, ಅಲ್ಲಿ ಸಿಡದಿಲ್ಲ. ಇಲ್ಲಿ ಹೆಂಗ ಸಿಡೀತೈತಿ?" ಎಂದು ನಕ್ಕರು. ಆಮೇಲೆ ಕಾರು ಚಾಲೂ ಮಾಡಿ, ಹಿಂದಿನ ಕೊಳವೆಯ ಮುಂದೆ ಬಿಳಿ ಕರವಸ್ತ್ರ ಹಿಡಿದು ತೋರಿಸಿದರು. ಕರವಸ್ತ್ರ ಬಿಳಿಯಾಗಿಯೇ ಇತ್ತು. ಎದುರುಮನೆಯ ಚಿಗವ್ವ ಬಂದು ಆ ಕರವಸ್ತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, "ಈಗ ಹೊಡಿಯಪಾ, ನಿಮ್ಮಪ್ಪನ್ನ ಮೆರವಣಿಗಿ ಮಾಡು" ಎಂದಳು. ಮಾವನ ಮುಖ ಅರಳಿತು. ಅತ್ತೆ ಕಾರಿಗೆ ದೃಷ್ಟಿ ತೆಗೆದರು. ಅಂಜಿಕೆಯಿದ್ದದ್ದು ನನಗೊಬ್ಬಳಿಗೇ.

ನನ್ನ ಅಂಜಿಕೆಗೆ ಒಂದು ಕಾರಣವಿತ್ತು. ನಮ್ಮ ಮನೆಗೆ ಗ್ಯಾಸು ಬಂದ ಹೊಸತರಲ್ಲಿ ಸಿಲಿಂಡರ್ ತಂದು ಹಾಕುವವನು ಒಂದು ಮಾತು ಹೇಳಿದ್ದ. "ಅಕ್ಕಾರ, ಈ ಗ್ಯಾಸು ಹೊಗಿಯಂಗ ಮ್ಯಾಲ ಹೋಗಂಗಿಲ್ರಿ. ನೀರಿನಂಗ ತೆಳಗ ಹರದು ತಗ್ಗಿನ್ಯಾಗ ಕುಂದರತೈತಿ. ವಾಸನಿ ಬಂದ್ರ ಕಡ್ಡಿ ಗೀರಬ್ಯಾಡ್ರಿ, ಲೈಟಿನ ಸ್ವಿಚ್ಚೂ ಒತ್ತಬ್ಯಾಡ್ರಿ, ಬಾಗಲಾ ತಗೀರಿ." ಆಮೇಲೆ ಸಾಬೂನಿನ ನೊರೆ ಹಚ್ಚಿ ಎಲ್ಲಿ ಸೋರುತ್ತದೆಂದು ನೋಡುವುದನ್ನೂ ತೋರಿಸಿದ್ದ. ಅವತ್ತಿನಿಂದ ಮಲಗುವ ಮುನ್ನ ಸಿಲಿಂಡರಿನ ಗುಂಡಿ ತಿರುಗಿಸಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ನೋಡುವ ಚಾಳಿ ಬಿದ್ದಿತ್ತು. ಅಡುಗೆಮನೆಯ ಸಿಲಿಂಡರಾದರೆ ಎದ್ದು ಹೋಗಿ ನೋಡಬಹುದು. ಓಡುವ ಕಾರಿನ ಬೆನ್ನಲ್ಲಿದ್ದದ್ದನ್ನು ಏನು ಮಾಡುವುದು?

ಮುಂದಿನ ಅಮಾವಾಸ್ಯೆಗೆ ಹೊರಟೆವು. ಮುಂದೆ ಇವರು ಮತ್ತು ಮಾವ, ಹಿಂದೆ ಅತ್ತೆ, ನಾನು, ನಡುವೆ ನನ್ನ ಮಗಳು. ಅವಳು ಆಗ ಪ್ರೈಮರಿ ಸಾಲೆಗೆ ಹೋಗುತ್ತಿದ್ದಳು. ನನ್ನ ಬೆನ್ನಿಗೂ ಸಿಲಿಂಡರಿಗೂ ನಡುವೆ ಒಂದು ಸೀಟಿನ ಗಾದಿ, ಒಂದು ತೆಳ್ಳನೆಯ ತಗಡು. ತಗ್ಗು ಬಂದಾಗೆಲ್ಲ ಹಿಂದೆ 'ಧಡ್' ಎಂದು ಸದ್ದಾಗುತ್ತಿತ್ತು. ಆ ಸದ್ದಿಗೆ ನಾನು ಮಗಳ ತಲೆಯನ್ನು ತೊಡೆಗೆ ಒತ್ತಿಕೊಳ್ಳುತ್ತಿದ್ದೆ. ಅವಳು "ಬಿಡಬೇ ಯವ್ವಾ, ಉಸರ ಕಟ್ಟಾಕತ್ತೈತಿ" ಎಂದು ಕೊಸರುತ್ತಿದ್ದಳು. ನಾನು ನನ್ನ ಕಡೆಯ ಗಾಜು ಪೂರ್ತಿ ಇಳಿಸಿದ್ದೆ. ಕಾರಿನೊಳಗೆಲ್ಲ ಕೆಂಪು ದೂಳು. ಅತ್ತೆ ಸೆರಗು ಮುಖಕ್ಕೆ ಮುಚ್ಚಿಕೊಂಡು, "ತಂಗಿ, ಇದು ಕಾರೋ ಟ್ರ್ಯಾಕ್ಟರೋ? ಗ್ಲಾಸ್ ಏರಸ" ಎಂದರು. ಏರಿಸಲಿಲ್ಲ.

ಗುಡೂರಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಅಂಗಡಿಯವನ ಸೀಮೆಎಣ್ಣೆಯ ಸ್ಟೋವು ಭುಸುಗುಡುತ್ತಿತ್ತು. ಕಾರನ್ನು ಅದರ ಹತ್ತಿರವೇ ನಿಲ್ಲಿಸಿದ್ದರಿಂದ ನಾನು ಇಳಿದು, ಮಗಳನ್ನು ಎಳೆದುಕೊಂಡು, ರಸ್ತೆಯ ಆಚೆಗಿದ್ದ ಬೇವಿನ ಗಿಡದ ಕೆಳಗೆ ಹೋಗಿ ನಿಂತೆ. ಅಷ್ಟರಲ್ಲಿ ಹಳೆಯ ಕಾರು ನೋಡಲು ನಾಲ್ಕಾರು ಮಂದಿ ಕೂಡಿದರು. ಅವರಲ್ಲಿ ಒಬ್ಬ ಮುದುಕ ಡಿಕ್ಕಿಗೆ ಬೆನ್ನು ಕೊಟ್ಟು ಆರಾಮಾಗಿ ನಿಂತು, ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗಿಟ್ಟು, ಕಡ್ಡಿಪೆಟ್ಟಿಗೆಗೆ ಕಿಸೆ ತಡಕತೊಡಗಿದ.

"ಏ ಯಜ್ಜಾ! ಬ್ಯಾಡೋ!" ಎಂದು ರಸ್ತೆಯ ಆಚೆಯಿಂದಲೇ ಕೂಗಿದೆ. ಇಡೀ ಗುಡೂರೇ ನನ್ನ ಕಡೆ ತಿರುಗಿತೇನೋ ಅನ್ನಿಸಿತು.

"ಯಾಕಬೇ? ಬೀಡಿ ಸೇದಿದ್ರ ನಿಮ್ಮ ಕಾರಿಗಿ ಕೆಮ್ಮು ಬರತೈತೇನು?" ಎಂದ ಮುದುಕ. ಎಲ್ಲರೂ ನಕ್ಕರು. ಇವರೂ ನಕ್ಕರು. ಆದರೆ ನಗುತ್ತಲೇ ಮುದುಕನ ಹೆಗಲ ಮೇಲೆ ಕೈ ಹಾಕಿ ಅವನನ್ನು ಅಂಗಡಿಯ ಆ ಬದಿಗೆ ಕರೆದೊಯ್ದದ್ದನ್ನು ನೋಡಿದೆ. ಹಾಗಾದರೆ ಇವರಿಗೂ ಅಂಜಿಕೆಯಿದೆ ಎಂದು ತಿಳಿಯಿತು. ಅದರಿಂದ ನನಗೆ ಧೈರ್ಯ ಬರುವ ಬದಲು ಇದ್ದದ್ದೂ ಹೋಯಿತು.

ಶಿವಯೋಗ ಮಂದಿರದಲ್ಲಿ ಮಾವ ನದಿಯ ಕಡೆ ಮುಖ ಮಾಡಿ ಕೂತರು. ನೀರು ಕಡಿಮೆಯಿತ್ತು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಬಿಚ್ಚಿದೆವು. ಮಾವ ಅಷ್ಟು ಸಮಾಧಾನದಲ್ಲಿ ಉಂಡದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. "ಇನ್ನ ಯಾರಿಗೂ ತ್ರಾಸಿಲ್ಲ ನೋಡು" ಎಂದರು ಮಗನಿಗೆ. "ಹೊಗಿ ಇಲ್ಲ, ಓಣ್ಯಾಗ ಬೈಗಳಿಲ್ಲ. ಹಳೇದನ್ನ ಇಟ್ಕೋಬೇಕಂದ್ರ ಹಿಂಗ ಇಟ್ಕೋಬೇಕು." ನಾನು ಕೈಯಲ್ಲಿದ್ದ ತುತ್ತನ್ನು ಮಗಳ ಬಾಯಿಗಿಟ್ಟೆ. ಮರಳಿ ಬರುವ ದಾರಿಯುದ್ದಕ್ಕೂ ಬಾಯಲ್ಲಿ ದೇವರ ಹೆಸರು, ಮೂಗಿನಲ್ಲಿ ಇದ್ದೂ ಇಲ್ಲದ ಒಂದು ವಾಸನೆ.

ಆ ವಾಸನೆ ನನ್ನ ಬೆನ್ನು ಬಿಡಲಿಲ್ಲ. ಕೊಟ್ಟಿಗೆಯ ಬಾಗಿಲು ತೆಗೆದಾಗ ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಕೊಟ್ಟಿಗೆಯ ಗೋಡೆಯಾಚೆ ನೂಲಿಗೆ ಬಣ್ಣ ಹಾಕುವ ನಮ್ಮ ಬಣ್ಣದ ಒಲೆಯಿತ್ತು. ರೇಷ್ಮೆ ಕುದಿಸುವ ಸೋಡಾ, ಸಾಬೂನು, ಬಣ್ಣ, ಕಟ್ಟಿಗೆಯ ಹೊಗೆ ಎಲ್ಲ ಸೇರಿ ಅಲ್ಲಿ ಸದಾ ಒಂದಿಲ್ಲೊಂದು ಘಾಟು. "ಅದು ಬಣ್ಣದ್ದು" ಎನ್ನುತ್ತಿದ್ದರು ಅತ್ತೆ. ಇವರು ಎರಡು ಸಲ ಬಂದು ಮೂಸಿ ನೋಡಿ, ಏನೂ ಇಲ್ಲವೆಂದು ಹೋದರು. ಮೂರನೆಯ ಸಲ ಕರೆದಾಗ ಸಿಟ್ಟಾದರು.

"ನಿನ್ನ ಮೂಗಿಗೆ ಬ್ಯಾರೆ ಕೆಲಸ ಇಲ್ಲೇನು? ಹಿಂಗ ಮಾಡಿದ್ರ ಅಪ್ಪಗ ಮತ್ತ ಕಟ್ಟೀನ ಗತಿ."

ಅದಾದ ಮೇಲೆ ಕರೆಯಲಿಲ್ಲ. ಯಾರಿಗೂ ಹೇಳದೆ, ಮಗಳಿಗೆ ಕೊಟ್ಟಿಗೆಯ ಕಡೆ ಆಡಲು ಹೋಗಬಾರದೆಂದು ತಾಕೀತು ಮಾಡಿದೆ. ಬಣ್ಣದ ಒಲೆ ಹಚ್ಚುವ ಮೊದಲು ಕೊಟ್ಟಿಗೆಯ ಬಾಗಿಲನ್ನು ಅರ್ಧ ತೆಗೆದಿಡುತ್ತಿದ್ದೆ. ನಾಯಿ ಬಂದು ಕಾರಿನ ಕೆಳಗೆ ಮಲಗುತ್ತದೆಂದು ಅತ್ತೆ ಮುಚ್ಚುತ್ತಿದ್ದರು. ನಾನು ಮತ್ತೆ ತೆಗೆಯುತ್ತಿದ್ದೆ.

ಮಹಾನವಮಿ ಬಂತು. ಅವತ್ತು ನಮ್ಮಲ್ಲಿ ಖಂಡೇ ಪೂಜೆ. ದುಡಿಯುವ ಸಾಮಾನಿಗೆಲ್ಲ ಅವತ್ತು ಬಿಡುವು. ಮಗ್ಗ ನಿಲ್ಲಿಸಿ, ಲಾಳಿ ತೊಳೆದು, ತಕ್ಕಡಿ, ಕತ್ತರಿ, ಹೊಲಿಗೆ ಮಷಿನ್ನು ಎಲ್ಲದಕ್ಕೂ ವಿಭೂತಿ ಹಚ್ಚಿ ಪೂಜೆ. ಕೊನೆಗೆ ಕಾರು. ನಮ್ಮ ಮನೆಯಲ್ಲಿ ಕಾರಿನ ಪೂಜೆಗೆ ಒಂದು ಪದ್ಧತಿಯಿತ್ತು. ಮಾವ ಕೊಂಡ ವರ್ಷ ಹಾಗೆ ಮಾಡಿದರಂತೆ, ಅದೇ ನಡೆದು ಬಂದಿತ್ತು. ಕಾರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯದೆ ಅಲ್ಲೇ ಪೂಜೆ ಮಾಡಬೇಕು, ಮನೆಯ ಹಿರಿಯ ಯಜಮಾನ ಒಳಗೆ ಕೂತಿರಬೇಕು, ಮನೆಯ ಮುತ್ತೈದೆ ಒಳಗಿನಿಂದ ಆರತಿ ಹಚ್ಚಿಕೊಂಡು ಬಂದು ಕಾರಿಗೂ ಯಜಮಾನನಿಗೂ ಕೂಡಿಯೇ ಬೆಳಗಬೇಕು. ಪೂಜೆಯಾದ ಮೇಲೆಯೇ ಕಾರು ಓಣಿಗೆ ಬರುವುದು.

ಹಿಂದಿನ ದಿನ ಇವರು ಕಾರು ತೊಳೆದು, ಬಾಳೆಕಂಬ ಕಟ್ಟಿ, ಬಣ್ಣದ ಬಲ್ಬಿನ ಸರ ಇಳಿಬಿಟ್ಟಿದ್ದರು. ದೂಳು ಕೂರಬಾರದೆಂದು ಬಾಗಿಲನ್ನು ಭದ್ರ ಹಾಕಿ, ಸಂದಿಗೆ ಗೋಣಿಚೀಲ ತುರುಕಿದ್ದರು. ಹೋಳಿಗೆಯ ಗಡಿಬಿಡಿಯಲ್ಲಿ ನಾನು ಅತ್ತ ಹೋಗಲಿಲ್ಲ.

ಬೆಳಿಗ್ಗೆ ಇವರು ಬಾಗಿಲಿನ ಒಂದು ಹಲಗೆ ಸರಿಸಿ, ಮಾವನನ್ನು ಹಿಡಿದು ನಡೆಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಬ್ಬದ ದಿನ ಯಾವ ತಾಕೀತೂ ನಡೆಯುವುದಿಲ್ಲ. ಮಗಳು ಹೊಸ ಲಂಗ ಹಾಕಿಕೊಂಡು ಓಡಿಹೋಗಿ ಸ್ಟೇರಿಂಗ್ ಹಿಡಿದು ಕೂತಿದ್ದಳು. ಇವರು ತೆಂಗಿನಕಾಯಿ ತರಲು ಒಳಗೆ ಹೋದರು. ಕೊಟ್ಟಿಗೆಯ ತುಂಬ ಚೆಂಡುಹೂವಿನ ವಾಸನೆ, ತೊಳೆದ ನೆಲದ ವಾಸನೆ. ನಾನು ರಂಗೋಲಿಯ ಬಟ್ಟಲು, ನೀರಿನ ತಂಬಿಗೆ ಹಿಡಿದು ಹಿಂದಿನ ಗಾಲಿಯ ಹತ್ತಿರ ಹೋದೆ. ಗಾಲಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಲು ಬಗ್ಗಿದೆ.

ನೆಲದ ಹತ್ತಿರ ಮುಖ ಬಂದ ಕೂಡಲೇ ಗ್ಯಾಸಿನ ವಾಸನೆ ಕಪಾಳಕ್ಕೆ ಹೊಡೆದ ಹಾಗೆ ಹೊಡೆಯಿತು. ಇದ್ದೂ ಇಲ್ಲದ ವಾಸನೆಯಲ್ಲ ಅದು. ತಲೆ ಸುತ್ತಿತು. ನಿಂತರೆ ಹೂವಿನ ವಾಸನೆ, ಬಗ್ಗಿದರೆ ಗ್ಯಾಸು. ಇಡೀ ರಾತ್ರಿ ಸೋರಿ, ಆ ತಗ್ಗಿನ ನೆಲದ ಮೇಲೆ ನೀರು ನಿಂತ ಹಾಗೆ ನಿಂತಿತ್ತು. ಅದರ ಮೇಲೆ ಕಾರು. ಕಾರಿನಲ್ಲಿ ಮಾವ, ನನ್ನ ಮಗಳು.

ಅದೇ ಹೊತ್ತಿಗೆ ಮನೆಯಿಂದ ಕೊಟ್ಟಿಗೆಗೆ ಬರುವ ಒಳಬಾಗಿಲಲ್ಲಿ ಆರತಿಯ ಹಾಡು ಕೇಳಿಸಿತು. ಅತ್ತೆ ಮುಂದೆ, ಚಿಗವ್ವ ಮತ್ತು ಓಣಿಯ ಹೆಂಗಸರು ಹಿಂದೆ. ಅತ್ತೆಯ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎರಡು ಹಣತೆ, ನಡುವೆ ಕರ್ಪೂರದ ಗುಪ್ಪೆ ಧಗಧಗ ಉರಿಯುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಕನಸಿನಲ್ಲಿ ಹಾಗಾಗುವುದುಂಟು, ಎಚ್ಚರದಲ್ಲಿ ನನಗೆ ಹಾಗಾದದ್ದು ಅದೊಂದೇ ಸಲ. ಅತ್ತೆ ಕೊಟ್ಟಿಗೆಗೆ ಇಳಿಯುವ ಮೆಟ್ಟಿಲಿಗೆ ಕಾಲಿಡಲು ಸೀರೆಯ ನೆರಿಗೆ ಎತ್ತಿ ಹಿಡಿದರು. ನಾನು ಓಡಿದೆ. ಓಡಿಹೋಗಿ ತಂಬಿಗೆಯಲ್ಲಿದ್ದ ಅಷ್ಟೂ ನೀರನ್ನು ಆರತಿಯ ಮೇಲೆ ಸುರುವಿದೆ.

ಚುಂಯ್ ಎಂದಿತು. ಹಾಡು ನಿಂತಿತು. ಅತ್ತೆಯ ರೇಷ್ಮೆ ಸೀರೆಯ ಮೇಲೆ ಕುಂಕುಮದ ನೀರು ಇಳಿಯುತ್ತಿತ್ತು.

ನಮ್ಮಲ್ಲಿ ದೀಪ ಆರಿಸು ಎಂದು ಬಾಯಿಂದ ಅನ್ನುವುದೂ ಇಲ್ಲ. ಶಾಂತ ಮಾಡು ಎನ್ನುತ್ತೇವೆ. ಅಂಥದ್ದರಲ್ಲಿ ಅತ್ತೆ ಗಂಡನಿಗೆ ಬೆಳಗಲು ತಂದ ಆರತಿಗೆ, ಮಹಾನವಮಿಯ ದಿನ, ಸೊಸೆ ನೀರು ಹಾಕಿದ್ದಳು.

"ಏನ್ ಮಾಡೀದ್ಯೇ ಯವ್ವಾ..." ಎಂದರು ಅತ್ತೆ. ಬೈಗುಳವಲ್ಲ ಅದು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಕಾರಿನೊಳಗೆ ಕೂತಿದ್ದ ಮಾವನ ಮೇಲಿತ್ತು.

ಆಗ ನನ್ನ ಧ್ವನಿ ಬಂತು. "ಗ್ಯಾಸು! ಯಾರೂ ತೆಳಗ ಇಳೀಬ್ಯಾಡ್ರಿ! ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ! ಮಾವಾರನ್ನ ಎತ್ರಿ, ಕೂಸನ್ನ ತಗೀರಿ!"

ಇವರು ತೆಂಗಿನಕಾಯಿ ಅಲ್ಲೇ ಬಿಟ್ಟು ಬಂದರು. ಬಲ್ಬಿನ ಸರದ ಸ್ವಿಚ್ಚಿನ ಕಡೆ ಚಾಚಿದ್ದ ಯಾರದೋ ಕೈಯನ್ನು ಚಿಗವ್ವ ಪಟ್ಟನೆ ಹೊಡೆದು ಕೆಳಗಿಳಿಸಿದ್ದು ನೆನಪಿದೆ. ನಾನು ಮಗಳನ್ನು ಜಡೆ ಹಿಡಿದೋ ರಟ್ಟೆ ಹಿಡಿದೋ ಹೊರಗೆಳೆದೆ, ಅವಳು ಚೀರಿದಳು. ಇವರೂ ಪಕ್ಕದ ಮನೆಯವರೂ ಸೇರಿ ಮಾವನನ್ನು ಹೊತ್ತು ಓಣಿಯ ಆಚೆಯ ಕಟ್ಟೆಗೆ ತಂದರು. ಬಾಗಿಲಿನ ಹಲಗೆಗಳನ್ನೆಲ್ಲ ಕಳಚಿದರು. ನಮ್ಮ ಒಲೆಗಳನ್ನೂ ಎದುರುಮನೆಯ ಒಲೆಯನ್ನೂ ಶಾಂತ ಮಾಡಿಸಿದರು. ಹೋಳಿಗೆ ಅರ್ಧ ಬೆಂದದ್ದು ಹಾಗೇ ಉಳಿಯಿತು.

ಗಾಳಿ ಆಡಿ ವಾಸನೆ ಪೂರ್ತಿ ಹೋಗುವವರೆಗೆ ಎಲ್ಲರೂ ದೂರ ನಿಂತೆವು. ಆಮೇಲೆ ಇವರು ಒದ್ದೆ ಗೋಣಿಚೀಲ ಹಿಡಿದು ಒಳಗೆ ಹೋದರು. ಆ ಸ್ವಲ್ಪ ಹೊತ್ತು ಇವರ ಬೆನ್ನು ನೋಡುತ್ತ ನಿಂತದ್ದಕ್ಕಿಂತ ದೊಡ್ಡ ಹೆದರಿಕೆಯನ್ನು ನಾನು ಕಂಡಿಲ್ಲ. ಸಿಲಿಂಡರಿನ ಗುಂಡಿ ಮುಚ್ಚಿದ ಹಾಗೇ ಕಾಣುತ್ತಿತ್ತಂತೆ. ಇವರು ಬಿಗಿಯಾಗಿ ತಿರುಗಿಸಿದಾಗ ಅದು ಇನ್ನೊಂದು ಚೂರು ತಿರುಗಿತಂತೆ, ಅಂದರೆ ರಾತ್ರಿಯೆಲ್ಲ ಅದು ಪೂರ್ತಿ ಮುಚ್ಚಿರಲಿಲ್ಲ. ಬಣ್ಣದ ಮನೆಯಲ್ಲಿ ರೇಷ್ಮೆ ಕುದಿಸಿ ಉಳಿದ ಸಾಬೂನಿನ ನೀರಿತ್ತು. ಅದನ್ನೇ ತಂದು ನಾನು ಪೈಪಿನ ಜೋಡಣೆಯ ಮೇಲೆ ಹನಿಸಿದೆ. ಕ್ಲಿಪ್ಪಿನ ಹತ್ತಿರ ರಬ್ಬರು ಬಿರಿದಿತ್ತು. ಪೈಪಿನಲ್ಲಿ ಉಳಿದಿದ್ದ ಗ್ಯಾಸಿಗೇ ಅಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆದವು. ಇವರು ಅದನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕೂತೇ ಇದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು.

ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಹೊಗೀನ ಚಲೋ ಇತ್ತಲ್ಲೋ ತಮ್ಮಾ," ಎಂದಳು. "ಅದು ಕಣ್ಣಿಗಾದ್ರೂ ಕಾಣತಿತ್ತು."

ಮಾವ ಕಟ್ಟೆಯ ಮೇಲಿಂದಲೇ ಮಗನನ್ನು ಕರೆದರು. "ನಾ ನದಿ ನೋಡೂದಕ್ಕ ಮನಿ ಮಂದಿ ಸುಡೂದು ಬ್ಯಾಡ. ಇವತ್ತ ಆ ಡಬ್ಬಿ ತಗದು ಅಡಿಗಿ ಮನಿಗಿ ಹಾಕು. ಕಾರ್ ಇಡೂದಾದ್ರ ಪದ್ಧತಿಯಂಗ ಮಾಡಿಸಿ ಇಡು. ಆಗಂಗಿಲ್ಲಾ ಅಂದ್ರ ಗುಜರಿಗೆ ಹಾಕು, ನಾ ಏನೂ ಅನ್ನಂಗಿಲ್ಲ." ಹೇಳಿ ಮುಗಿಸಿ ಬೇರೆ ಕಡೆ ನೋಡಿದರು.

ನನ್ನ ಅಂಜಿಕೆ ಅವತ್ತು ಅತ್ತೆಗೆ ಹತ್ತಿತು. ಅವರದು ಗ್ಯಾಸಿನ ಅಂಜಿಕೆಯಲ್ಲ. ಆರತಿಗೆ ನೀರು ಬಿದ್ದದ್ದರ ಅಂಜಿಕೆ. ನನ್ನ ಮೇಲೆ ಸಿಟ್ಟಿಲ್ಲ ಎಂದು ಬಾಯಿ ಬಿಟ್ಟು ಹೇಳಿದರು. ಖರೆಯೇ ಹೇಳಿದರು. ಆದರೆ ಮಾವ ಒಂದು ಸೀನಿದರೂ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಊಟದ ತಟ್ಟೆ ಇಟ್ಟು ಎದುರಿಗೇ ಕೂರುತ್ತಿದ್ದರು. ಮಾವ ಮಲಗಿದಾಗ ಎದೆ ಏರಿಳಿಯುತ್ತದೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮಾವ ಕಣ್ಣು ಮುಚ್ಚಿಕೊಂಡೇ, "ಇದ್ದೇನಿ, ಇದ್ದೇನಿ. ಹೋಗಿ ಚಹಾ ಇಡು" ಎನ್ನುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಗುಂಡಿ ತಿರುಗಿಸಿದೆನೋ ಇಲ್ಲವೋ ಎಂದು ಎದ್ದು ಹೋಗುವವಳಿಗೆ ಅವರ ಅವಸ್ಥೆ ಅರ್ಥವಾಗದೆ ಇರುತ್ತದೆಯೇ? ಅವರು ರಾತ್ರಿ ಎದ್ದಾಗ ನಾನೂ ಎದ್ದು ಜೊತೆಗೆ ಕೂರುತ್ತಿದ್ದೆ.

ಕಾರು ಬಹಳ ದಿನ ಇಟ್ಟಿಗೆಯ ಮೇಲೆ ನಿಂತಿತು. ಗುಜರಿಯವನು ಎರಡು ಸಲ ಬಂದು ಸುತ್ತುಹಾಕಿ ಹೋದ. ಇವರು ಕೊಡಲಿಲ್ಲ. ನಿಧಾನವಾಗಿ, ಕೈಗೆ ಅನುಕೂಲವಾದಾಗೆಲ್ಲ ಒಂದೊಂದೇ ಕೆಲಸ ಮಾಡಿಸಿದರು. ಇಂಜಿನ್ನನ್ನು ಹುಬ್ಬಳ್ಳಿಗೆ ಒಯ್ದು ಬುಡದಿಂದ ಹೊಸದು ಮಾಡಿಸಿದರು. ಹೊಸ ಪೆಟ್ರೋಲಿಗೆ ತಡೆಯುವಂಥ ವಾಲ್ವು ಹಾಕಿಸಿದರು. ಗ್ಯಾಸಿನ ಕಿಟ್ಟನ್ನು ಕಾಯ್ದೆಪ್ರಕಾರವೇ ಕೂರಿಸಿಕೊಡುವವರು ಅಲ್ಲಿದ್ದರು, ಅದನ್ನೂ ಹಾಕಿಸಿದರು. ದಪ್ಪ ಉಕ್ಕಿನ ಟ್ಯಾಂಕು, ಅದನ್ನು ಕಾರಿನ ಮೈಗೇ ಬೋಲ್ಟು ಹಾಕಿ ಬಿಗಿದದ್ದು, ತಾಮ್ರದ ಕೊಳವೆ, ಸೋರಿದರೂ ಕಾರಿನ ಹೊರಗೇ ಹೋಗುವಂಥ ದಾರಿ. ಮೊದಲೆಲ್ಲ ಇಂಜಿನ್ನಿನ ಕಪ್ಪು ಎಣ್ಣೆಯನ್ನು ಗಟಾರಕ್ಕೆ ಬಿಡುತ್ತಿದ್ದರು. ಅದನ್ನೂ ಡಬ್ಬಿಯಲ್ಲಿ ಹಿಡಿದು ಹುನಗುಂದದ ಮಿಸ್ತ್ರಿಗೆ ಮುಟ್ಟಿಸತೊಡಗಿದರು. ಕೊಟ್ಟಿಗೆಯ ತಗ್ಗು ತುಂಬಿಸಿ ಓಣಿಯ ಮಟ್ಟಕ್ಕೆ ತಂದರು, ಗೋಡೆಗೆ ನೆಲದ ಹತ್ತಿರವೇ ಜಾಲರಿ ಇಟ್ಟರು. ಜಾಲರಿ ಮೇಲೆ ಇರಬೇಕಲ್ಲವೇ ಎಂದು ಗೌಂಡಿ ವಾದಿಸಿದ. ಇವರು ನನ್ನ ಕಡೆ ಬೆರಳು ತೋರಿಸಿ, "ಆಕಿನ್ನ ಕೇಳು" ಎಂದರು.

ಮುಂದಿನ ಬೇಸಿಗೆಯಲ್ಲಿ ಕಾರನ್ನು ಬಾಗಲಕೋಟೆಗೆ ಒಯ್ದು ಆರ್‌ಟಿಒ ಸಾಹೇಬರಿಗೆ ತೋರಿಸಿ, ಹೊಗೆ ತಪಾಸಣೆ ಮಾಡಿಸಿ, ಕಾಗದದ ಮೇಲೆ ಗ್ಯಾಸಿನ ಗಾಡಿ ಎಂದು ಬರೆಸಿಕೊಂಡು ಬರಬೇಕಾಗಿತ್ತು. ಇವರು ಒಬ್ಬರೇ ಹೋಗುತ್ತೇನೆಂದರು. ಮಾವ ತಾವೂ ಬರುತ್ತೇನೆಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅಡ್ಡ ನಿಂತವರು ಸ್ವಲ್ಪ ಹೊತ್ತಿಗೆ ತಾವೇ ಸೀರೆ ಬದಲಿಸಿಕೊಂಡು ಬಂದರು. "ಹೋಗೂದಾದ್ರ ಎಲ್ಲಾರೂ ಕೂಡೇ ಹೋಗೂಣು" ಎಂದರು. ಮಗಳನ್ನು ಮಾತ್ರ ಚಿಗವ್ವನ ಮನೆಯಲ್ಲಿ ಬಿಟ್ಟೆವು. ಹಾಗೆ ಬಿಡೋಣವೆಂದು ನಾನೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಇಬ್ಬರೂ ಒಟ್ಟಿಗೇ ಅವಳ ಕೈ ಹಿಡಿದು ಎದುರುಮನೆಗೆ ನಡೆದೆವು.

ಬಾಗಲಕೋಟೆಯಲ್ಲಿ ಒಬ್ಬರು ಕಾರಿನ ಹಿಂದಿನ ಕೊಳವೆಯೊಳಗೆ ಒಂದು ನಳಿಗೆ ತೂರಿಸಿ ಯಂತ್ರದ ಮುಳ್ಳು ನೋಡಿದರು. ಇನ್ನೊಬ್ಬರು ಡಿಕ್ಕಿಯಲ್ಲಿ ತಲೆ ಹಾಕಿ ಟ್ಯಾಂಕಿನ ಮೇಲಿನ ನಂಬರು ಓದಿದರು, ಬೋಲ್ಟು ಅಲುಗಿಸಿ ನೋಡಿದರು. "ಅಜ್ಜಾರ, ಗಾಡಿ ನಿಮಗಿಂತ ಗಟ್ಟಿ ಐತ್ರಿ" ಎಂದು ಮಾವನಿಗೆ ಚೇಷ್ಟೆ ಮಾಡಿ ಸಹಿ ಹಾಕಿದರು. ಮಾವ ಆ ಕಾಗದವನ್ನು ಮಡಚಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡರು.

ಬರುವಾಗ ಬಿಸಿಲಿತ್ತು, ಗಾಜು ಇಳಿಸಿದ್ದೆವು. ಊರು ದಾಟಿ ಹೊಲಗಳ ನಡುವಿನ ರಸ್ತೆಗೆ ಬಂದ ಮೇಲೆ ಅತ್ತೆ ನನ್ನ ಕಡೆ ಸರಿದು ಕೂತರು. ಮುಂದೆ ಕೂತ ಗಂಡಸರಿಗೆ ಕೇಳಬಾರದೆಂದು ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದರು.

"ತಂಗಿ, ಏನರ ವಾಸನಿ ಬರಾಕತ್ತೈತೇನು ನೋಡು."

ನಾನು ಕಾಲ ಬಳಿ ಬಗ್ಗಿ, ಕಾರಿನ ನೆಲದ ಹತ್ತಿರ ಮುಖ ತಂದು ಉಸಿರೆಳೆದೆ. ರಬ್ಬರು ಚಾಪೆಯ ವಾಸನೆ, ದೂಳು, ಅತ್ತೆಯ ಚಪ್ಪಲಿಯ ಚರ್ಮ.

"ಇಲ್ರಿ ಅತ್ತಿ."

"ಇನ್ನೊಮ್ಮೆ ನೋಡು."

ಇನ್ನೊಮ್ಮೆ ಬಗ್ಗಿದೆ.